ಪದಚ್ಯುತರಾದ ಸುರೇಂದ್ರನಾಥರು

ಗೃಹಸ್ಥನಾದವನಿಗೆ ಉದ್ಯೋಗಹಾನಿಯಂತಹ ಸಂಕಟವು ವಿರಳವೇ ಸರಿ. ಬೆಳೆ ಹಾಳಾದರೆ ನೆರೆಹೊರೆಯವರು ಮರುಗುವರು. ರೋಗ ಬಂದರೆ ನೆಂಟರಿಷ್ಟರು ಬಂದು ವಿಚಾರಿಸುವರು. ಆದರೆ ಕೆಲಸದಿಂದ ತೆಗೆದುಹಾಕಲ್ಪಟ್ಟವನನ್ನು ಕಂಡಾಗ ಜನರ ಮನದಲ್ಲಿ ಮೊದಲು ಹುಟ್ಟುವುದು ಸಂಶಯ, ಆಮೇಲೆ ಕನಿಕರ. ಆ ಸಂಶಯದ ದೃಷ್ಟಿಗೆ ಅಂಜಿ ಅವನು ಬೀದಿಗೆ ಮುಖ ತೋರಲು ಅಳುಕುವನು. ಮನೆಯೊಳಗೂ ಹೆಂಡಿರು ಮಕ್ಕಳ ಮುಂದೆ ತಲೆಯೆತ್ತಲಾರನು. ವಂಗದೇಶದ ಸುರೇಂದ್ರನಾಥ ಬ್ಯಾನರ್ಜಿಯವರನ್ನು ರಾಷ್ಟ್ರದ ಹಿರಿಯ ನಾಯಕರೆಂದೂ ಮಹಾವಾಗ್ಮಿಗಳೆಂದೂ ಬಲ್ಲವರು ಅನೇಕರುಂಟು. ಆದರೆ ಅವರು ತಮ್ಮ ೨೫ನೆಯ ವಯಸ್ಸಿನಲ್ಲಿ ಸರಕಾರದ ನೌಕರಿಯಿಂದ ಅಪಕೀರ್ತಿಯೊಡನೆ ವಜಾ ಮಾಡಲ್ಪಟ್ಟವರೆಂಬುದನ್ನೂ, ಅವರ ಸಾರ್ವಜನಿಕ ಜೀವನವೆಲ್ಲ ಆ ವಜಾದ ಅನಂತರವೇ ಮೊದಲಾಯಿತೆಂಬುದನ್ನೂ ನೆನೆಯುವವರು ಕಡಿಮೆ.

ಸುರೇಂದ್ರನಾಥರು ೧೮೪೮ನೆಯ ಇಸವಿ ನವೆಂಬರ್ ೧೦ರಂದು ಕಲ್ಕತ್ತೆಯಲ್ಲಿ ಕುಲೀನ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ದುರ್ಗಾಚರಣರು ಹೆಸರಾಂತ ವೈದ್ಯರು. ಮಗನು ಬಿ.ಎ. ಪದವಿ ಪಡೆದೊಡನೆ ಅವನನ್ನು ವಿಲಾಯತಿಗೆ ಕಳುಹಿಸಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂಡಿಸಬೇಕೆಂಬುದು ಅವರ ಹಂಬಲ. ಸಮುದ್ರಯಾನ ಮಾಡಿದವನನ್ನು ಜಾತಿಯಿಂದ ಹೊರಗಿಡುತ್ತಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ೧೮೬೮ರ ಮಾರ್ಚ್ ತಿಂಗಳಲ್ಲಿ ರಮೇಶಚಂದ್ರ ದತ್ತ ಮತ್ತು ಬಿಹಾರಿಲಾಲ ಗುಪ್ತರೆಂಬ ಇಬ್ಬರು ಗೆಳೆಯರೊಡನೆ ಅವರು ಹಡಗನ್ನೇರಿದರು.

ಮರುವರ್ಷವೇ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಆಗಲೇ ಮೊದಲ ವಿಘ್ನವು ಬಂದೊದಗಿತು. ನಮ್ಮ ದೇಶದಲ್ಲಿ ವಯಸ್ಸನ್ನು ಹೇಳುವಾಗ ತುಂಬಿದ ವರ್ಷವನ್ನು ಹೇಳದೆ ನಡೆಯುತ್ತಿರುವ ವರ್ಷವನ್ನು ಹೇಳುವ ವಾಡಿಕೆಯುಂಟಷ್ಟೆ. ಹಿಂದೆ ಮೆಟ್ರಿಕ್ಯುಲೇಶನ್ ಪರೀಕ್ಷೆಯ ಸಮಯದಲ್ಲಿ ಅವರ ವಯಸ್ಸು ಆ ರೀತಿಯಲ್ಲಿಯೇ ದಾಖಲಾಗಿತ್ತು. ವಿಲಾಯತಿಯ ಅಧಿಕಾರಿಗಳು ಅದನ್ನು ತಮ್ಮ ಲೆಕ್ಕದಂತೆ ಎಣಿಸಿ, ಇವರಿಗೆ ವಯೋಮಿತಿ ಮೀರಿದೆಯೆಂದು ಹೆಸರನ್ನು ಹೊಡೆದುಹಾಕಿದರು. ಸುರೇಂದ್ರನಾಥರು ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೊರೆಹೊಕ್ಕು ತಮ್ಮ ಸ್ಥಾನವನ್ನು ಮರಳಿ ಪಡೆದರು. ಆದರೆ ಮಗನು ಅಧಿಕಾರಿಯಾಗಿ ಮರಳುವುದನ್ನು ನೋಡುವ ಭಾಗ್ಯವು ತಂದೆಗೆ ಇರಲಿಲ್ಲ. ಇವರು ಪರದೇಶದಲ್ಲಿದ್ದಾಗಲೇ, ೧೮೭೦ರಲ್ಲಿ, ದುರ್ಗಾಚರಣರು ತೀರಿಕೊಂಡರು.

೧೮೭೧ರಲ್ಲಿ ಸ್ವದೇಶಕ್ಕೆ ಮರಳಿದ ಸುರೇಂದ್ರನಾಥರು ಸಿಲ್ಹಟ್ ಎಂಬಲ್ಲಿ ಸಹಾಯಕ ಮ್ಯಾಜಿಸ್ಟ್ರೇಟರಾಗಿ ನೇಮಕಗೊಂಡರು. ಈ ಊರು ಈಗ ಬಾಂಗ್ಲಾದೇಶದಲ್ಲಿದೆ. ಭಾರತೀಯರು ಈ ಸೇವೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದ ಕಾಲವದು. ಮೇಲಧಿಕಾರಿಯ ಕೃಪೆಯು ಮೊದಮೊದಲು ಇದ್ದಿತಾದರೂ ಬಹುಕಾಲ ಉಳಿಯಲಿಲ್ಲ.

ಅವರ ಪದಚ್ಯುತಿಗೆ ನಿಮಿತ್ತವಾದ ಪ್ರಕರಣವು ನೋಡಲು ಅಲ್ಪವಾದುದು. ಯುಧಿಷ್ಠಿರನೆಂಬ ಒಬ್ಬ ಬಡವನ ಮೇಲೆ ದೋಣಿಯ ಕಳವಿನ ಆಪಾದನೆಯಿದ್ದಿತು. ವಿಚಾರಣೆಯು ಮುಂದಕ್ಕೆ ಹೋಗುತ್ತ ಬಾಕಿಯಾಗಿ ಉಳಿಯಿತು. ಬಾಕಿಯ ಮೊಕದ್ದಮೆಗಳಿಗೆ ಕಾರಣ ಕೊಡಬೇಕಾಗಿ ಬಂದ ಸಂದರ್ಭದಲ್ಲಿ, ಆ ಮನುಷ್ಯನು ಎಲ್ಲಿಗೂ ಓಡಿಹೋಗದಿದ್ದರೂ ಅವನ ಹೆಸರು ತಲೆಮರೆಸಿಕೊಂಡವರ ಪಟ್ಟಿಯನ್ನು ಸೇರಿತು. ಅವನ ಮೇಲೆ ವಾರಂಟೂ ಹೊರಟಿತು. ಆ ಕಾಗದಗಳ ಮೇಲಿದ್ದುದು ಸುರೇಂದ್ರನಾಥರ ರುಜು. ಪೇಷ್ಕಾರನು ರಾಶಿಯಾಗಿ ತಂದಿಟ್ಟ ಕಾಗದಗಳಿಗೆ ನಿತ್ಯದ ರೂಢಿಯಂತೆ ಓದದೆಯೇ ರುಜು ಹಾಕಿದುದಾಗಿ ಅವರು ಹೇಳಿಕೊಂಡರು. ಮೂವರ ಆಯೋಗವು ಕುಳಿತು ವಿಚಾರಿಸಿ, ಇದು ಅಜಾಗರೂಕತೆಯಲ್ಲ, ತಿಳಿದೇ ಮಾಡಿದ ಸುಳ್ಳು ದಾಖಲೆಯೆಂದು ನಿರ್ಣಯಿಸಿತು. ೧೮೭೪ರಲ್ಲಿ ಅವರನ್ನು ಸೇವೆಯಿಂದ ತೆಗೆದುಹಾಕಲಾಯಿತು. ತಿಂಗಳಿಗೆ ೫೦ ರೂಪಾಯಿಗಳ ದಯಾವೇತನವೊಂದು ಉಳಿಯಿತು.

ಸುರೇಂದ್ರನಾಥರಲ್ಲಿ ತಪ್ಪೇ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ನ್ಯಾಯಪೀಠದಲ್ಲಿ ಕುಳಿತವನು ಓದದೆ ರುಜು ಹಾಕಿದರೆ ಅದರ ಫಲವನ್ನು ಉಣ್ಣುವವನು ಯುಧಿಷ್ಠಿರನಂತಹ ಬಡವನು. ಆದರೆ ತಪ್ಪಿಗೂ ಶಿಕ್ಷೆಗೂ ಒಂದು ತೂಕವಿರಬೇಕು. ಇಂತಹ ಅಜಾಗರೂಕತೆಗಾಗಿ ಬಿಳಿಯ ಅಧಿಕಾರಿಯೊಬ್ಬನು ಎಚ್ಚರಿಕೆಯ ಮಾತನ್ನು ಕೇಳಿ ಮನೆಗೆ ಹೋಗುತ್ತಿದ್ದನೆಂಬುದು ಅಂದಿನ ದೇಶೀಯರೆಲ್ಲರ ಅಭಿಪ್ರಾಯವಾಗಿದ್ದಿತು; ಸುರೇಂದ್ರನಾಥರೂ ಕಡೆಯವರೆಗೆ ಹಾಗೆಯೇ ನಂಬಿದ್ದರು.

ಅವರು ಮತ್ತೆ ವಿಲಾಯತಿಗೆ ಹೋಗಿ ಇಂಡಿಯಾ ಕಚೇರಿಯ ಮುಂದೆ ತಮ್ಮ ಅಹವಾಲನ್ನು ಇಟ್ಟರು. ವಜಾದ ಆಜ್ಞೆಯು ಕಾಯಂ ಆಯಿತು. ನೌಕರಿ ಹೋದರೇನು, ವಕೀಲಿಯಾದರೂ ಉಂಟಲ್ಲವೆ ಎಂದುಕೊಂಡು ಮಿಡಲ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಘದಲ್ಲಿ ಬ್ಯಾರಿಸ್ಟರಾಗಲು ಹವಣಿಸಿದರು. ಅದಕ್ಕೆ ಬೇಕಾದ ಅವಧಿಯನ್ನೆಲ್ಲ ಪೂರೈಸಿದ್ದರೂ, ಸರಕಾರವು ಹೊರಹಾಕಿದವನಿಗೆ ಇಲ್ಲಿ ಎಡೆಯಿಲ್ಲವೆಂದು ೧೮೭೫ರಲ್ಲಿ ಆ ಬಾಗಿಲೂ ಮುಚ್ಚಿತು. ಒಂದು ಉದ್ಯೋಗವು ಹೋಗುವುದು ಬೇರೆ. ಹೋದ ಉದ್ಯೋಗದ ಕಳಂಕವು ಮುಂದಿನ ಉದ್ಯೋಗವನ್ನೂ ನುಂಗುವುದು ಬೇರೆ. ಎರಡನೆಯದೇ ಮನುಷ್ಯನನ್ನು ನೆಲಕ್ಕೆ ಕೆಡಹುವಂತಹುದು.

ಇಂಗ್ಲೆಂಡಿನಲ್ಲಿ ಕಳೆದ ಆ ಸುಮಾರು ಒಂದು ವರ್ಷವನ್ನು ಅವರು ಹೇಗೆ ಬಳಸಿದರೆಂಬುದು ಇಲ್ಲಿ ಮುಖ್ಯವಾದ ಸಂಗತಿ. ದೂರುತ್ತ ಕುಳಿತವರಿಗೆ ದಿನವು ಬಹಳ ಉದ್ದ. ಸುರೇಂದ್ರನಾಥರು ದಿನವೆಲ್ಲ ಗ್ರಂಥಗಳ ನಡುವೆ ಕುಳಿತರು. ಬರ್ಕನ ಭಾಷಣಗಳನ್ನೂ, ಇಟಲಿಯ ಏಕತೆಗಾಗಿ ದುಡಿದ ಮ್ಯಾಝಿನಿಯ ಚರಿತ್ರೆಯನ್ನೂ ಆಳವಾಗಿ ವ್ಯಾಸಂಗ ಮಾಡಿದರು. ತಮಗೊದಗಿದ ಅನ್ಯಾಯವು ತಮ್ಮೊಬ್ಬರದಲ್ಲವೆಂದೂ, ತಮ್ಮ ಅಹವಾಲನ್ನು ಒಕ್ಕೊರಲಿನಿಂದ ಹೇಳಬಲ್ಲ ಶಕ್ತಿಯಿಲ್ಲದ ಒಂದು ಜನಾಂಗದ ದುರ್ಬಲತೆಯೇ ಅದರ ಮೂಲವೆಂದೂ ಅವರಿಗೆ ಮನದಟ್ಟಾದುದು ಆ ಏಕಾಂತದಲ್ಲಿ. ಸ್ವಂತ ದುಃಖವು ಅಲ್ಲಿ ಕರಗಿತೆಂದಲ್ಲ. ಅದಕ್ಕೊಂದು ಹರಿಯುವ ದಾರಿ ದೊರೆಯಿತು.

೧೮೭೫ರಲ್ಲಿ ಅವರು ಕಲ್ಕತ್ತೆಗೆ ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಕರೆದು ಕೆಲಸ ಕೊಟ್ಟವರು ಈಶ್ವರಚಂದ್ರ ವಿದ್ಯಾಸಾಗರರು. ತಾವು ನಡೆಸುತ್ತಿದ್ದ ಮೆಟ್ರೊಪಾಲಿಟನ್ ವಿದ್ಯಾಸಂಸ್ಥೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗುವಂತೆ ಅವರು ಕೇಳಿದರು. ಸಂಬಳ ತಿಂಗಳಿಗೆ ೨೦೦ ರೂಪಾಯಿ; ಮ್ಯಾಜಿಸ್ಟ್ರೇಟರ ಸಂಬಳಕ್ಕೂ ಗೌರವಕ್ಕೂ ಹೋಲಿಸಿದರೆ ಅದು ಕೆಳಗಿಳಿದಂತೆಯೇ ಸರಿ. ನಿನ್ನೆ ಜಿಲ್ಲೆಯ ಅಧಿಕಾರಿಯಾಗಿದ್ದವನು ಇಂದು ಹುಡುಗರಿಗೆ ಪಾಠ ಹೇಳುವುದೆಂತೆಂಬ ಅಭಿಮಾನವು ಅವರನ್ನು ತಡೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ತಡಮಾಡದೆ ಒಪ್ಪಿದರು. ಕಾಯಕದಲ್ಲಿ ಮೇಲು ಕೀಳೆಣಿಸದ ಶರಣರ ಮಾತನ್ನು ದಿನವೂ ಕೇಳುವ ನಮ್ಮ ಮನೆಗಳಲ್ಲಿಯೂ, ಹಿಂದಿನ ಪದವಿಯ ನೆನಪಿನಿಂದ ಮುಂದಿನ ಕೆಲಸವನ್ನು ತಳ್ಳಿಬಿಡುವವರು ಇಲ್ಲದಿಲ್ಲ. ಸುರೇಂದ್ರನಾಥರು ಆಗ ಹಿಡಿದ ಅಧ್ಯಾಪನವನ್ನು, ಒಂದಲ್ಲ ಒಂದು ಕಾಲೇಜಿನಲ್ಲಿ, ಮೂರು ದಶಕಗಳಿಗೂ ಮಿಕ್ಕಿ ಬಿಡಲಿಲ್ಲ. ಮುಂದೆ ದೇಶದ ನಾಯಕರಾದಾಗಲೂ ಅವರು ಅಧ್ಯಾಪಕರೇ ಆಗಿದ್ದರು. ಸರಕಾರಿ ಪೀಠದಿಂದ ಅವರು ಒಂದು ಜಿಲ್ಲೆಯ ಜನರಿಗೆ ಆಜ್ಞೆ ಮಾಡಬಹುದಾಗಿದ್ದಿತು. ಪಾಠದ ಕೊಠಡಿಯಿಂದ ಒಂದು ತಲೆಮಾರಿನ ತರುಣರೆಲ್ಲ ಅವರ ಕೈಗೆ ಬಂದರು.

ಮರುವರ್ಷ, ೧೮೭೬ರ ಜುಲೈ ೨೬ರಂದು, ಆನಂದಮೋಹನ ಬಸು ಮೊದಲಾದವರೊಡನೆ ಕೂಡಿ ಅವರು ಕಲ್ಕತ್ತೆಯಲ್ಲಿ ‘ಇಂಡಿಯನ್ ಅಸೋಸಿಯೇಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಂದಿನ ಬೆಳಿಗ್ಗೆಯೇ ಅವರ ಮಗನು, ಆಗ ಅವರಿಗಿದ್ದ ಏಕಮಾತ್ರ ಪುತ್ರನು, ತೀರಿಕೊಂಡನು. ಸಂಜೆಯ ಸಭೆಯಲ್ಲಿ ಪ್ರತಿಪಕ್ಷವೇಳುವುದೆಂಬ ವದಂತಿಯಿದ್ದಿತು. ಇವರು ಬಾರದಿದ್ದರೆ ಸಂಸ್ಥೆಯು ಹುಟ್ಟುವ ಮೊದಲೇ ಅಳಿಯುವ ಭಯವಿದ್ದಿತು. ಸುರೇಂದ್ರನಾಥರು ಸಭೆಗೆ ಹೋದರು, ಮಾತನಾಡಿದರು, ನಿರ್ಣಯವು ಪಾಸಾದ ಮೇಲೆ ಮನೆಗೆ ಮರಳಿದರು. ಇದನ್ನು ಕಠಿಣಹೃದಯವೆಂದು ಭಾವಿಸುವವರೂ ಇರಬಹುದು. ಎರಡು ವರ್ಷಗಳಲ್ಲಿ ಉದ್ಯೋಗ, ಮಾನ, ಮಗ ಮೂರನ್ನೂ ಕಳೆದುಕೊಂಡವನಿಗೆ ಕೈಗೆತ್ತಿಕೊಂಡ ಕೆಲಸವೊಂದೇ ಊರುಗೋಲಾಗಿ ಉಳಿದಿರುತ್ತದೆಂಬುದನ್ನು ಅಂಥವರು ಯೋಚಿಸಬೇಕು.

ಅನಂತರದ ಘಟನೆಯು ಇನ್ನೂ ವಿಚಿತ್ರ. ೧೮೭೬ರಲ್ಲಿ ಸರಕಾರವು ಸಿವಿಲ್ ಸರ್ವಿಸ್ ಪರೀಕ್ಷೆಯ ವಯೋಮಿತಿಯನ್ನು ೨೧ರಿಂದ ೧೯ಕ್ಕೆ ಇಳಿಸಿತು. ಪರೀಕ್ಷೆ ನಡೆಯುತ್ತಿದ್ದುದು ವಿಲಾಯತಿಯಲ್ಲಿ. ೧೯ರೊಳಗೆ ನಮ್ಮ ಹುಡುಗರು ಅಲ್ಲಿಗೆ ಹೋಗಿ ಸಿದ್ಧರಾಗುವುದು ದುಸ್ಸಾಧ್ಯ. ಯಾವ ಸೇವೆಯು ತಮ್ಮನ್ನು ಕತ್ತು ಹಿಡಿದು ಹೊರನೂಕಿತೋ, ಅದರ ಬಾಗಿಲು ಇತರರಿಗೆ ತೆರೆದಿರಲೆಂದು ಹೋರಾಡಲು ಹೊರಟವರು ಸುರೇಂದ್ರನಾಥರು. ೧೮೭೭ರಲ್ಲಿ ಆಗ್ರಾ, ದಿಲ್ಲಿ, ಲಾಹೋರು, ಅಲೀಗಢ, ಕಾನಪುರ, ಲಖನೌ, ಅಲಹಾಬಾದು, ಕಾಶಿಗಳಲ್ಲಿ ಸಂಚರಿಸಿ ಸಭೆಗಳನ್ನು ಕೂಡಿಸಿದರು. ಮರುವರ್ಷ ಮುಂಬಯಿ ಮತ್ತು ಮದರಾಸು ಪ್ರಾಂತಗಳಿಗೂ ಬಂದರು. ಭಿನ್ನಭಿನ್ನ ಪ್ರಾಂತಗಳ ಜನರು ಒಂದೇ ಬೇಡಿಕೆಯನ್ನು ಹಿಡಿದು ಒಂದೇ ದನಿಯಲ್ಲಿ ನುಡಿದುದು ಅಪೂರ್ವವಾಗಿದ್ದಿತು. ಕಾಂಗ್ರೆಸ್ಸು ಹುಟ್ಟಲು ಇನ್ನೂ ೮ ವರ್ಷಗಳಿದ್ದವು.

೧೮೭೯ರ ಜನವರಿ ೧ರಂದು ‘ಬೆಂಗಾಲಿ’ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ೧೦ ರೂಪಾಯಿಗಳಿಗೆ ಕೊಂಡು ಅದರ ಸಂಪಾದಕರಾದರು. ಹತ್ತು ರೂಪಾಯಿಯ ಆ ಪತ್ರಿಕೆ ಮುಂದೆ ದೈನಿಕವಾಗಿ ವಂಗದೇಶದ ಪ್ರಬಲ ದನಿಯಾಯಿತು. ೧೮೮೨ರಲ್ಲಿ ಸಣ್ಣದೊಂದು ಶಾಲೆಯನ್ನು ವಹಿಸಿಕೊಂಡರು. ಅದು ಬೆಳೆದು ರಿಪನ್ ಕಾಲೇಜಾಯಿತು.

ಇದರ ನಡುವೆ, ೧೮೮೩ರಲ್ಲಿ, ಅವರಿಗೆ ಸೆರೆವಾಸವೂ ಪ್ರಾಪ್ತವಾಯಿತು. ಹೈಕೋರ್ಟಿನ ನಾರಿಸ್ ಎಂಬ ನ್ಯಾಯಮೂರ್ತಿಯು ಸಾಲಿಗ್ರಾಮವನ್ನು ನ್ಯಾಯಾಲಯಕ್ಕೆ ತರಿಸಿದನೆಂದು ಬೇರೊಂದು ಪತ್ರಿಕೆಯಲ್ಲಿ ಬಂದ ವರದಿಯನ್ನು ನಂಬಿ, ಸುರೇಂದ್ರನಾಥರು ಅವನನ್ನು ಕಟುವಾಗಿ ಖಂಡಿಸಿ ಬರೆದರು. ವರದಿಯು ಪೂರ್ತಿ ನಿಜವಾಗಿರಲಿಲ್ಲ. ಕ್ಷಮೆ ಕೇಳಿದರೂ ನ್ಯಾಯಾಲಯ ನಿಂದನೆಗಾಗಿ ೨ ತಿಂಗಳ ಸೆರೆಯಾಯಿತು; ಪೀಠದಲ್ಲಿದ್ದ ಒಬ್ಬನೇ ಭಾರತೀಯ ನ್ಯಾಯಮೂರ್ತಿ ರಮೇಶಚಂದ್ರ ಮಿತ್ರರು ಮಾತ್ರ ದಂಡವೇ ಸಾಕೆಂದು ಭಿನ್ನಮತ ತಾಳಿದರು. ಸಿಲ್ಹಟ್ಟಿನಲ್ಲಿ ಓದದೆ ರುಜು ಹಾಕಿದ ಕೈಯೇ ಇಲ್ಲಿ ವಿಚಾರಿಸದೆ ಲೇಖನಿ ಹಿಡಿದುದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ವಭಾವದ ದೋಷವು ಒಂದು ಪೆಟ್ಟಿಗೆ ಹೋಗುವಂತಹುದಲ್ಲ. ಆದರೆ ಒಂಬತ್ತು ವರ್ಷಗಳಲ್ಲಿ ಕಾಲವೇ ಬದಲಾಗಿದ್ದಿತು. ೧೮೭೪ರಲ್ಲಿ ಅವರು ಒಂಟಿಯಾಗಿ ತಲೆತಗ್ಗಿಸಿ ಹೊರಬಿದ್ದಿದ್ದರು. ೧೮೮೩ರಲ್ಲಿ ಅವರಿಗಾಗಿ ಕಲ್ಕತ್ತೆಯ ವಿದ್ಯಾರ್ಥಿಗಳು ಬೀದಿಗಿಳಿದರು, ದೂರದ ಪ್ರಾಂತಗಳಲ್ಲಿಯೂ ಸಭೆಗಳಾದವು.

ಮುಂದಿನ ಕಥೆಯು ದೇಶದ ಇತಿಹಾಸದಲ್ಲಿ ಸೇರಿದೆ. ೧೮೯೫ರಲ್ಲಿ ಪುಣೆಯಲ್ಲಿಯೂ ೧೯೦೨ರಲ್ಲಿ ಅಹಮದಾಬಾದಿನಲ್ಲಿಯೂ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ೧೯೦೫ರ ವಂಗಭಂಗದ ವಿರುದ್ಧ ನಡೆದ ಚಳವಳಿಯಲ್ಲಿ ಮುಂದಾಳಾಗಿದ್ದರು. ೧೯೧೧ರಲ್ಲಿ ಆ ವಿಭಜನೆಯು ರದ್ದಾಯಿತು. ಪದವಿಯನ್ನು ತಾವಾಗಿಯೇ ಬಿಡುವ ಪ್ರಸಂಗವೂ ಒಮ್ಮೆ ಬಂದಿತು. ಕಲ್ಕತ್ತೆಯ ನಗರಸಭೆಯಲ್ಲಿ ಚುನಾಯಿತರ ಅಧಿಕಾರವನ್ನು ಸರಕಾರವು ಮೊಟಕುಗೊಳಿಸಿದಾಗ, ೧೮೯೯ರಲ್ಲಿ, ೨೮ ಮಂದಿ ಸದಸ್ಯರು ಒಟ್ಟಿಗೆ ರಾಜೀನಾಮೆಯಿತ್ತರು. ಅವರಲ್ಲಿ ಇವರೂ ಒಬ್ಬರು. ೧೯೨೧ರಲ್ಲಿ ಬಂಗಾಳ ಸರಕಾರದ ಸ್ಥಳೀಯ ಸ್ವಯಮಾಡಳಿತದ ಮಂತ್ರಿಗಳಾಗಿ, ೧೯೨೩ರ ಶಾಸನದ ಮೂಲಕ ಅದೇ ನಗರಸಭೆಗೆ ಚುನಾಯಿತರ ಅಧಿಕಾರವನ್ನು ಅವರು ಮರಳಿ ಕೊಡಿಸಿದರು.

ಆ ಮಂತ್ರಿಪದವಿಯನ್ನು ಒಪ್ಪಿದುದು ಎಲ್ಲರಿಗೂ ಸೇರಲಿಲ್ಲ. ಗಾಂಧೀಜಿಯವರ ಅಸಹಕಾರದ ದಿನಗಳವು; ಸುರೇಂದ್ರನಾಥರು ನ್ಯಾಯಬದ್ಧ ಮಾರ್ಗವನ್ನು ಬಿಟ್ಟು ಕದಲಲಿಲ್ಲ. ಒಮ್ಮೆ ಅವರ ಗಾಡಿಯನ್ನು ಎಳೆಯಲು ಹಾತೊರೆದ ತರುಣರ ಮಕ್ಕಳೇ ಈಗ ಅವರನ್ನು ಹಳಬರೆಂದು ಹಳಿದರು. ೧೯೨೩ರ ಚುನಾವಣೆಯಲ್ಲಿ ಅವರು ವೈದ್ಯರಾದ ಬಿಧಾನಚಂದ್ರ ರಾಯರಿಗೆ ಸೋತರು. ಮಂತ್ರಿಪದವಿಯೂ ಹೋಯಿತು. ೭೫ನೆಯ ವಯಸ್ಸಿನಲ್ಲಿ ಎರಡನೆಯ ಸಾರಿ ಪದಚ್ಯುತಿ. ಈ ಬಾರಿ ಕೈಬಿಟ್ಟವರು ಸ್ವಜನರು. ಮೊದಲನೆಯದಕ್ಕಿಂತ ಇದು ಹೆಚ್ಚು ನೋಯಿಸಿರಬೇಕು.

ಆದಾಗ್ಯೂ ಅವರು ಸುಮ್ಮನೆ ಕೂರಲಿಲ್ಲ. ಕಲ್ಕತ್ತೆಯ ಸಮೀಪದ ಬ್ಯಾರಕಪುರದಲ್ಲಿ ಗಂಗೆಯ ದಡದ ತಮ್ಮ ಮನೆಯಲ್ಲಿ ಆತ್ಮಕಥೆಯನ್ನು ಪೂರ್ತಿಗೊಳಿಸಿದರು. ೧೯೨೫ರಲ್ಲಿ ಅದು ಪ್ರಕಟವಾಯಿತು. ಆ ವರ್ಷವೇ ಗಾಂಧೀಜಿಯವರು ಅಲ್ಲಿಗೆ ಹೋಗಿ ವೃದ್ಧ ನಾಯಕರನ್ನು ಕಂಡು ಮಾತನಾಡಿ ಬಂದರು. ಅದೇ ಆಗಸ್ಟ್ ೬ರಂದು ಸುರೇಂದ್ರನಾಥರು ದೇಹವಿಟ್ಟರು. ಸಿಲ್ಹಟ್ಟಿನ ಮೊಕದ್ದಮೆಯನ್ನೂ, ಓದದೆ ಹಾಕಿದ ರುಜುವನ್ನೂ, ಮಿಡಲ್ ಟೆಂಪಲ್ಲಿನ ನಿರಾಕರಣೆಯನ್ನೂ ಅವರು ಆ ಗ್ರಂಥದಲ್ಲಿ ಮರೆಮಾಚದೆ ಬರೆದಿಟ್ಟಿದ್ದಾರೆ. ರಿಪನ್ ಕಾಲೇಜು ಮುಂದೆ ಸುರೇಂದ್ರನಾಥ ಕಾಲೇಜೆಂಬ ಹೆಸರನ್ನು ಪಡೆಯಿತು. ಇಂದಿಗೂ ಕಲ್ಕತ್ತೆಯಲ್ಲಿ ಅದು ಪಾಠ ಹೇಳುತ್ತಿದೆ.