ಸಂತೆಯಲ್ಲಿ ಮಾತ್ರ ಸಿಗುವ ನೆರೆಹೊರೆ

ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಸಿಂಗಪುರದ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಎಂಜಿನಿಯರಿಂಗೋ, ಕಂಪ್ಯೂಟರೋ, ನಮ್ಮ ಹಾಗೆ ಲೆಕ್ಕಪತ್ರವೋ? ಇಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಆಗ್ನೇಯ ಏಷ್ಯಾ ಅಧ್ಯಯನ ಎಂಬ ವಿಷಯವೂ ಇದೆ. ಇತಿಹಾಸ, ಅರ್ಥಶಾಸ್ತ್ರ, ಭಾಷೆ, ಸಮಾಜ ಎಲ್ಲವನ್ನೂ ಕೂಡಿಸಿ ಕಲಿಸುತ್ತಾರೆ. ಅದನ್ನು ಓದಿ ಏನು ಪ್ರಯೋಜನ ಎಂದು ಕೇಳುವ ನಾವು ಜೆ.ಎಸ್. ಫರ್ನಿವಾಲ್ ಅವರ ಬದುಕನ್ನು ಒಮ್ಮೆ ನೋಡಬೇಕು. ಈ ಅಧ್ಯಯನಕ್ಕೆ ದಾರಿ ಹಾಕಿಕೊಟ್ಟ ಹಿರಿಯರಲ್ಲಿ ಅವರೊಬ್ಬರು. ಅವರು ಹೊರಟದ್ದೂ ಲೆಕ್ಕದಿಂದಲೇ.

1878ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಹುಟ್ಟಿದ ಫರ್ನಿವಾಲ್, ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿ, ಐಸಿಎಸ್ ಸೇರಿ 1902ರಲ್ಲಿ ಬರ್ಮಾಕ್ಕೆ ಬಂದರು. ಭೂಕಂದಾಯ ಗೊತ್ತುಪಡಿಸುವ ಕೆಲಸ. ಯಾವ ಗದ್ದೆಯಲ್ಲಿ ಎಷ್ಟು ಬತ್ತ, ಯಾವ ರೈತನಿಗೆ ಎಷ್ಟು ಸಾಲ ಎಂದು ವಿಚಾರಿಸಿ ಬರೆದುಕೊಳ್ಳಬೇಕು. ಅವರು ಬರ್ಮೀ ಭಾಷೆ ಕಲಿತರು, ಅಲ್ಲಿನ ಹೆಣ್ಣುಮಗಳನ್ನೇ ಮದುವೆಯಾದರು. 1910ರಲ್ಲಿ ಬರ್ಮಾ ಸಂಶೋಧನಾ ಸಂಘ ಕಟ್ಟಲು ಮುಂದೆ ನಿಂತರು.

ಸರ್ಕಾರದ ಲೆಕ್ಕದಲ್ಲಿ ಬರ್ಮಾ ಲಾಭದಲ್ಲಿತ್ತು. ಅಕ್ಕಿ ರಫ್ತು ಏರುತ್ತಿತ್ತು. ಆದರೆ ಬೆಳೆದವನ ಗದ್ದೆ ಸಾಲಕ್ಕೆ ಹೋಗುತ್ತಿತ್ತು. ದೊಡ್ಡ ವ್ಯಾಪಾರ ಯುರೋಪಿನವರದು, ಅಂಗಡಿ ಚೀನೀಯರದು, ಲೇವಾದೇವಿ ತಮಿಳುನಾಡಿನ ಚೆಟ್ಟಿಯಾರರದು, ಬಂದರಿನ ಹಮಾಲಿ ತೆಲುಗರದು. ಎಲ್ಲರೂ ಸಂತೆಯಲ್ಲಿ ಸೇರುತ್ತಾರೆ; ಸಂತೆ ಮುಗಿದರೆ ತಂತಮ್ಮ ಕೇರಿಗೆ, ಭಾಷೆಗೆ, ದೇವರಿಗೆ ಮರಳುತ್ತಾರೆ. ಲಾಭವೊಂದನ್ನು ಬಿಟ್ಟು ಎಲ್ಲರೂ ಕೂಡಿ ಬಯಸುವಂಥದ್ದು ಏನೂ ಇರುವುದಿಲ್ಲ. ಇಂಥದ್ದಕ್ಕೆ ಅವರು ಪ್ಲೂರಲ್ ಸೊಸೈಟಿ, ಅಂದರೆ ಹಲವು ಹೋಳುಗಳ ಸಮಾಜ ಎಂದು ಹೆಸರಿಟ್ಟರು.

ಹೋಳುಗಳಾಗಿ ಬದುಕಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1930ರಲ್ಲಿ ರಂಗೂನ್ ಬಂದರಿನ ಕೂಲಿ ಜಗಳ ಭಾರತೀಯರ ಮೇಲಿನ ಗಲಭೆಯಾಯಿತು. ಅಕ್ಕಿ ಬೆಲೆ ಕುಸಿದು, ಕೆಳ ಬರ್ಮಾದ ಮುಖ್ಯ ಬತ್ತದ ಜಿಲ್ಲೆಗಳಲ್ಲಿ ನಾಲ್ಕನೇ ಒಂದು ಭಾಗ ಭೂಮಿ ಚೆಟ್ಟಿಯಾರರ ಕೈ ಸೇರಿತು. 1942ರಲ್ಲಿ ಜಪಾನೀಯರು ಬಂದಾಗ ಲಕ್ಷಾಂತರ ಭಾರತೀಯರು ಬರ್ಮಾ ಬಿಟ್ಟು ಹೊರಟರು. ಎಷ್ಟೋ ಮಂದಿ ಕಾಡುದಾರಿಯಲ್ಲೇ ಸತ್ತರು.

ಫರ್ನಿವಾಲ್ 1923ರಲ್ಲಿ ನಿವೃತ್ತರಾದ ಮೇಲೂ ಬರ್ಮಾದಲ್ಲೇ ಉಳಿದು ಯುವಕರಿಗೆ ಪುಸ್ತಕ ತಲುಪಿಸುವ ಕ್ಲಬ್ ನಡೆಸಿದರು. ಆಮೇಲೆ ಹಾಲೆಂಡಿನ ಲೈಡನ್‌ನಲ್ಲಿ ಡಚ್ಚರ ಆಡಳಿತವನ್ನು ಅಧ್ಯಯನ ಮಾಡಿದರು, ಕೇಂಬ್ರಿಜ್‌ನಲ್ಲಿ ಬರ್ಮೀ ಭಾಷೆ ಕಲಿಸಿದರು. 1939ರಲ್ಲಿ ಡಚ್ಚರ ಇಂಡೋನೇಷ್ಯಾ ಕುರಿತ, 1948ರಲ್ಲಿ ಬರ್ಮಾ ಮತ್ತು ಇಂಡೋನೇಷ್ಯಾವನ್ನು ಹೋಲಿಸಿದ ಗ್ರಂಥ ಬಂದವು. ಇಂದಿಗೂ ವಿದ್ಯಾರ್ಥಿಗಳು ಅವನ್ನು ಓದುತ್ತಾರೆ. ಬರ್ಮಾ ಸ್ವತಂತ್ರವಾದಾಗ ಹೊಸ ಸರ್ಕಾರ ಈ ಮಾಜಿ ಬ್ರಿಟಿಷ್ ಅಧಿಕಾರಿಯನ್ನೇ ಯೋಜನಾ ಸಲಹೆಗಾರರನ್ನಾಗಿ ಕರೆಸಿಕೊಂಡಿತು. ಆಗ ಅವರಿಗೆ 70. 1960ರಲ್ಲಿ ನೇ ವಿನ್ ಸರ್ಕಾರ ಅವರನ್ನು ಹೊರಗೆ ಕಳಿಸಿತು. ಅದೇ ವರ್ಷದ ಜುಲೈನಲ್ಲಿ, 82ರ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಸಿಂಗಪುರ 1989ರಿಂದ ಸರ್ಕಾರಿ ವಸತಿ ಬ್ಲಾಕುಗಳಲ್ಲಿ ಚೀನೀ, ಮಲಯ, ಭಾರತೀಯ ಮನೆಗಳಿಗೆ ಇಂತಿಷ್ಟು ಎಂದು ಮಿತಿ ಹಾಕಿ, ಎಲ್ಲರೂ ಬೆರೆತಿರುವಂತೆ ನೋಡಿಕೊಂಡಿದೆ. ಒಂದೇ ಮಹಡಿಯಲ್ಲಿ ಮನೆ ಕೊಡುವುದಷ್ಟೇ ಸರ್ಕಾರದ ಕೈಲಾಗುವುದು. ಉಳಿದದ್ದು ನಮ್ಮದು. ಎದುರು ಮನೆಯ ಚೀನೀ ಅಜ್ಜಿಗೆ ಲಿಫ್ಟಿನಲ್ಲಿ ವರ್ಷಗಟ್ಟಲೆ ಬರೀ ತಲೆದೂಗುತ್ತಿದ್ದೆವು. ಈ ಯುಗಾದಿಗೆ ಹೋಳಿಗೆ ಕೊಟ್ಟು ಹೆಸರು ಕೇಳಿದೆವು. ಮರುದಿನ ನಮ್ಮ ತಟ್ಟೆ ಕಿತ್ತಳೆ ಹಣ್ಣು ತುಂಬಿಕೊಂಡು ವಾಪಸ್ ಬಂತು.