ಕಪಾಟಿನ ಬೀಗ ತೆಗೆಸಿದ ಗಣಿತದ ಮಾಸ್ತರು

ಹೋದ ವರ್ಷ ನಮ್ಮ ಕನ್ನಡ ಬಳಗದಿಂದ ಖಾನಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ಎರಡು ಡಬ್ಬಿ ಪುಸ್ತಕ ಕೊಟ್ಟಿದ್ವಿ. ಫೋಟೋ ತೆಗೆಸಿಕೊಂಡ್ವಿ, ಸ್ಟೇಟಸ್ ಹಾಕಿದ್ವಿ, ಸಂಜೆ ಬಸ್ಸಿಗೆ ಬೆಳಗಾವಿಗೆ ವಾಪಸ್ ಬಂದ್ವಿ. ಈ ವರ್ಷ ಮತ್ತೆ ಹೋದಾಗ ಆ ಪುಸ್ತಕಗಳು ಕಪಾಟಿನಲ್ಲಿ ಹೊಸದಾಗಿಯೇ ಇದ್ದವು. ಕಪಾಟಿಗೆ ಬೀಗ. ಅಲ್ಲಿ ಬೇರೆ ಗ್ರಂಥಪಾಲಕರು ಇಲ್ಲ. ಲೈಬ್ರರಿ ನೋಡಿಕೊಳ್ಳುವ ಸರ್ ಗಣಿತವನ್ನೂ ಕಲಿಸ್ತಾರೆ, ಬಿಸಿಯೂಟದ ಲೆಕ್ಕವನ್ನೂ ಬರೀತಾರೆ. ಒಂದು ಪುಸ್ತಕ ಕಳೆದ್ರೂ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕಾದವರು ಅವರೇ. ಬೀಗ ಹಾಕದೆ ಮತ್ತೇನು ಮಾಡಲಿ ಅಂತ ಅವರು ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ವಾಪಸ್ ಬಂದು ನಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಇದನ್ನು ಹೇಳಿದ್ವಿ. ಅವರು ಗೋಡೆಯ ಮೇಲಿದ್ದ, ಪೇಟ ಸುತ್ತಿದ ಒಬ್ಬರ ಫೋಟೋ ತೋರಿಸಿದ್ರು. ಪ್ರತಿ ಆಗಸ್ಟ್ 12ಕ್ಕೆ ಅದಕ್ಕೆ ಹಾರ ಹಾಕ್ತಾರೆ. ನಾವು ದಿನಾ ಅದರ ಮುಂದೇನೇ ಐಡಿ ಕಾರ್ಡ್ ತೋರಿಸಿ ಒಳಗೆ ಹೋಗ್ತೀವಿ, ಆದ್ರೆ ಯಾರು ಅಂತ ಒಮ್ಮೆಯೂ ಕೇಳಿರಲಿಲ್ಲ. ಅವರೇ ಎಸ್.ಆರ್. ರಂಗನಾಥನ್.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ವಿಷಯ ಗಣಿತ. ಮಾತಾಡುವಾಗ ತೊದಲುತ್ತಿದ್ದರು. ಆದರೂ ಆರಿಸಿಕೊಂಡಿದ್ದು ಪಾಠ ಹೇಳುವ ಕೆಲಸವನ್ನೇ, ಕಷ್ಟಪಟ್ಟು ಆ ತೊದಲನ್ನೂ ಗೆದ್ದರು. 1917ರಲ್ಲಿ ಅವರ ಕೆಲಸ ಶುರುವಾಗಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಮೇಲೆ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮೊದಲ ಗ್ರಂಥಪಾಲಕರು ಬೇಕಾಗಿದ್ದರು. ಸಂಬಳ ಮೇಷ್ಟ್ರ ಕೆಲಸಕ್ಕಿಂತ ಜಾಸ್ತಿ. ಗ್ರಂಥಾಲಯದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ನಾವು ಮಾಡ್ತೀವಲ್ಲ, ಹಾಗೇ ವಿಶ್ವಕೋಶದಲ್ಲಿ ಗ್ರಂಥಾಲಯದ ಮೇಲಿದ್ದ ಲೇಖನ ಓದಿಕೊಂಡು ಸಂದರ್ಶನಕ್ಕೆ ಹೋದರು. ಕೆಲಸ ಸಿಕ್ತು. ಆದ್ರೆ ಕೆಲವೇ ದಿನಕ್ಕೆ ಬೇಜಾರಾಗಿ ಹೋಯ್ತು. ಕ್ಲಾಸಿನಲ್ಲಿ ಹುಡುಗರ ನಡುವೆ ಇದ್ದವರಿಗೆ ಆ ಮೌನದ ಕೋಣೆಯಲ್ಲಿ ಕೂರೋದು ಆಗಲಿಲ್ಲ. ಹಳೇ ಕಾಲೇಜಿಗೆ ಹೋಗಿ ಪಾಠದ ಕೆಲಸ ವಾಪಸ್ ಕೊಡಿ ಅಂತ ಕೇಳಿಯೂ ಬಂದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಗಲೂ ಬೇಡ ಅನ್ನಿಸಿದ್ರೆ ನೋಡೋಣ ಅಂತ ಕಳಿಸಿದರು.

ಲಂಡನ್ನಿನಲ್ಲಿ ಅವರು ತರಗತಿಗಿಂತ ಹೆಚ್ಚಾಗಿ ಕಲಿತದ್ದು ಊರೂರಿನ ಗ್ರಂಥಾಲಯಗಳನ್ನು ಸುತ್ತಿ. ಅಲ್ಲಿ ಮಕ್ಕಳಿಗೆ ಬೇರೆ ಕೋಣೆ ಇತ್ತು. ಕಾರ್ಮಿಕರೂ ಗೃಹಿಣಿಯರೂ ಬಂದು ಪುಸ್ತಕ ಒಯ್ಯುತ್ತಿದ್ದರು. ಗ್ರಂಥಪಾಲಕ ಅಂದ್ರೆ ಕಾವಲುಗಾರ ಅಲ್ಲ, ಅವನೂ ಒಬ್ಬ ಮೇಷ್ಟ್ರೇ ಅನ್ನೋದು ಅವರಿಗೆ ಅಲ್ಲಿ ಹೊಳೀತು. ಆಮೇಲೆ ಅವರು ಗಣಿತದ ಕ್ಲಾಸಿಗೆ ವಾಪಸ್ ಹೋಗಲೇ ಇಲ್ಲ.

ಅಲ್ಲಿಯೇ ಒಂದು ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ಅದೇ ಪಟ್ಟಿ, ಅದೇ ನಟ್ಟು, ಅದೇ ಬೋಲ್ಟು. ಜೋಡಿಸುವ ರೀತಿ ಬದಲಾದ್ರೆ ಆಟಿಕೆಯೇ ಬೇರೆ. ನಮ್ಮ ಲೈಬ್ರರಿಯ ಡ್ಯೂಯಿ ಪದ್ಧತಿಯಲ್ಲಿ ಎಲೆಕ್ಟ್ರಿಕಲ್ ಪುಸ್ತಕ 621.3ರಲ್ಲಿ ಸಿಗುತ್ತೆ. ಅಲ್ಲಿ ನಂಬರುಗಳು ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರ್ತಾವೆ. ರಂಗನಾಥನ್ ಬೇರೆ ದಾರಿ ಹಿಡಿದರು. ಒಂದು ಪುಸ್ತಕ ಖಾನಾಪುರದ ಭತ್ತದ ರೋಗದ ಬಗ್ಗೆ ಇದೆ ಅಂದುಕೊಳ್ಳಿ. ಬೆಳೆ ಒಂದು ಬಿಡಿಭಾಗ, ರೋಗ ಇನ್ನೊಂದು, ಊರು ಮತ್ತೊಂದು, ವರ್ಷ ಮಗದೊಂದು. ಇವನ್ನು ಜೋಡಿಸಿದ್ರೆ ಆ ಪುಸ್ತಕದ ನಂಬರ್ ತಯಾರು. ಜೋಡಿಸುವ ನಟ್ಟು ಬೋಲ್ಟಿನ ಜಾಗದಲ್ಲಿ ಕೋಲನ್ ಚಿಹ್ನೆ. 1933ರಲ್ಲಿ ಬಂದ ಈ ಕೋಲನ್ ವರ್ಗೀಕರಣ ಅವರನ್ನು ಜಗತ್ತಿಗೇ ಪರಿಚಯಿಸಿತು. ಮಾಡ್ಯುಲರ್ ಡಿಸೈನ್ ಅಂತ ನಾವು ಈಗ ಓದ್ತಾ ಇರೋದನ್ನ ಅವರು ಕಪಾಟಿನಲ್ಲಿ ಮಾಡಿ ತೋರಿಸಿದ್ದರು.

ಆದ್ರೆ ನಮ್ಮ ಪ್ರಶ್ನೆಗೆ ಉತ್ತರ ಇದ್ದದ್ದು ಅವರ 1931ರ ಪುಸ್ತಕದಲ್ಲಿ. ಅದರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳೋದಾದ್ರೆ: ಪುಸ್ತಕ ಇರೋದು ಕಾಯೋಕಲ್ಲ, ಓದೋಕೆ. ಯಾವ ಓದುಗನೂ ಬರಿಗೈಲಿ ಹೋಗಬಾರದು. ಯಾವ ಪುಸ್ತಕವೂ ಓದುಗನಿಲ್ಲದೆ ಕೂರಬಾರದು. ಹುಡುಕೋದರಲ್ಲಿ ಯಾರ ಸಮಯವೂ ಹಾಳಾಗಬಾರದು. ಮತ್ತೆ, ಗ್ರಂಥಾಲಯ ಅನ್ನೋದು ಸಸಿ ಥರ, ಬೆಳೀತಾನೇ ಇರಬೇಕು. ಕೇಳೋಕೆ ಬಹಳ ಸರಳ. ಆದ್ರೆ ಪುಸ್ತಕಕ್ಕೆ ಸರಪಳಿ ಹಾಕಿ ಕಟ್ಟಿಡ್ತಿದ್ದ ಕಾಲವೂ ಜಗತ್ತಿನಲ್ಲಿತ್ತು. ಓದುಗರು ತಾವೇ ಕಪಾಟಿನ ಹತ್ತಿರ ಹೋಗಲಿ ಅಂತ ಅವರು ಮದ್ರಾಸಿನಲ್ಲಿ ಬಾಗಿಲು ತೆರೆದರು. ಹಾಗೆ ಬಿಟ್ರೆ ಒಂದಷ್ಟು ಪುಸ್ತಕ ಕಳೀತಾವೆ, ನಿಜ. ಆದ್ರೆ ಓದದೇ ಉಳಿದ ಪುಸ್ತಕದ ನಷ್ಟ ಅದಕ್ಕಿಂತ ದೊಡ್ಡದು ಅನ್ನೋದು ಅವರ ಲೆಕ್ಕ.

ಅದೇ 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಶುರುವಾಯ್ತು, ಅದರ ಹಿಂದೆಯೂ ಅವರ ಒತ್ತಾಸೆ ಇತ್ತು. ಆ ಗಾಡಿಯನ್ನು ವಿನ್ಯಾಸ ಮಾಡಿದವರು ಕನಕಸಭೈ ಪಿಳ್ಳೈ ಅನ್ನೋ ಎಂಜಿನಿಯರ್! ಹಳ್ಳಿಯವರು ಲೈಬ್ರರಿಗೆ ಬರೋಕೆ ಆಗದಿದ್ರೆ ಲೈಬ್ರರಿಯೇ ಹಳ್ಳಿಗೆ ಹೋಗಲಿ ಅನ್ನೋದು ಯೋಚನೆ. ಶಾಲೆಗಳನ್ನೂ ಅವರು ಮರೀಲಿಲ್ಲ. ಶಾಲಾ ಕಾಲೇಜು ಗ್ರಂಥಾಲಯಗಳ ಮೇಲೆ 1942ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಮುಂದೆ ಬನಾರಸ್, ದಿಲ್ಲಿ, ಜ್ಯೂರಿಕ್ ಸುತ್ತಿ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಅಷ್ಟರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗೇ ಒಂದು ಸಂಶೋಧನಾ ಕೇಂದ್ರ ತೆರೆದರು. ಗಣಿತವನ್ನೂ ಪೂರ್ತಿ ಬಿಡಲಿಲ್ಲ, ಶ್ರೀನಿವಾಸ ರಾಮಾನುಜನ್ ಬಗ್ಗೆ ಪುಸ್ತಕ ಬರೆದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ದುಡಿಮೆ ಇದೆ. ಮನೆಯಲ್ಲಿ ಆಸ್ತಿ ತೆರಿಗೆಯ ರಸೀದಿ ಇದ್ರೆ ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಅಂದ್ರೆ ಬೆಳಗಾವಿಯ ನಗರ ಕೇಂದ್ರ ಗ್ರಂಥಾಲಯದಲ್ಲಿ ಕೂತು ಪರೀಕ್ಷೆಗೆ ಓದೋರು ಯಾರ ಉಪಕಾರದಲ್ಲೂ ಇಲ್ಲ, ಅದು ಊರಿನವರದ್ದೇ ದುಡ್ಡು. ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇದೆಲ್ಲ ಓದಿದ ಮೇಲೆ ನಮಗೆ ನಾಚಿಕೆ ಆಯ್ತು. ನಾವು ಕೊಟ್ಟ ಎರಡು ಡಬ್ಬಿಯಲ್ಲಿ ಇದ್ದದ್ದು ನಮಗೆ ಬೇಡವಾದ ಹಳೇ ಗೈಡುಗಳು, ದಪ್ಪ ಇಂಗ್ಲಿಷ್ ಪುಸ್ತಕಗಳು. ಅಲ್ಲಿನ ಎಷ್ಟೋ ಮಕ್ಕಳ ಮನೆಮಾತು ಮರಾಠಿ, ಕನ್ನಡವನ್ನ ಶಾಲೆಯಲ್ಲಿ ಕಲಿತಾ ಇದ್ದಾರೆ. ನಿಮಗೇನು ಬೇಕು ಅಂತ ಅವರನ್ನ ನಾವು ಕೇಳಿರಲೇ ಇಲ್ಲ. ಬೀಗ ಹಾಕಿದ್ದು ಸರ್ ಒಬ್ಬರೇ ಅಲ್ಲ, ಅರ್ಧ ಬೀಗ ನಮ್ಮದೂ ಇತ್ತು.

ಮತ್ತೆ ಹೋದ್ವಿ. ಈ ಸಲ ಮೊದಲು ಕೇಳಿದ್ವಿ. ಹಾವಿನ ಪುಸ್ತಕ, ಕ್ರಿಕೆಟ್ ಪುಸ್ತಕ, ದೊಡ್ಡ ಅಕ್ಷರದ ಕನ್ನಡ ಕಥೆ, ಮರಾಠಿ ಕಥೆ ಅಂತ ಪಟ್ಟಿ ಬಂತು. ಅವನ್ನೇ ಹುಡುಕಿ ತಂದ್ವಿ. ಅವು ಸ್ಟಾಕ್ ರಿಜಿಸ್ಟರಿಗೆ ಸೇರೋದು ಬೇಡ ಅಂತ ಸರ್ ಜೊತೆ ಮಾತಾಡಿ ಬೇರೆ ನೋಟ್‌ಬುಕ್ ಮಾಡಿದ್ವಿ. ಕಳೆದ್ರೆ ತುಂಬಿಕೊಡೋದು ನಮ್ಮ ಬಳಗದ ಜವಾಬ್ದಾರಿ. ಪ್ರತಿ ಶನಿವಾರ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಪುಸ್ತಕ ಕೊಟ್ಟು ತಗೊಂಡು ಬರೀತಾರೆ. ಹಳ್ಳಿಯ ಮಕ್ಕಳಿಗೆ ರಜೆಯಲ್ಲೂ ಪುಸ್ತಕ ಸಿಗಲಿ ಅಂತ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಸದಸ್ಯತ್ವದ ಬಗ್ಗೆಯೂ ಹೇಳಿ ಬಂದ್ವಿ.

ಐದು ವಾರ ಆಯ್ತು. ಎರಡು ಪುಸ್ತಕ ವಾಪಸ್ ಬಂದಿಲ್ಲ, ಒಂದು ಮಳೆಗೆ ತೊಯ್ದು ಉಬ್ಬಿದೆ. ಹಾವಿನ ಪುಸ್ತಕದ ರಟ್ಟು ಕಿತ್ತುಹೋಗಿದೆ, ಅಷ್ಟು ಕೈ ಬದಲಾಗಿದೆ ಅದು. ಸರ್ ಇನ್ನೂ ಬೀಗ ಹಾಕಿಲ್ಲ.

ಮುಂದಿನ ಶನಿವಾರ ರಟ್ಟು ಅಂಟಿಸೋಕೆ ಹೋಗ್ತಾ ಇದ್ದೀವಿ. ಬರೋರು ಗೋಂದು, ಸೂಜಿ ದಾರ ತನ್ನಿ. ಹಳೇ ಗೈಡು ಬೇಡ.