ಮನೆಯೇ ಶಾಲೆಯಾದ ರವೀಂದ್ರರು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ದಿನವೂ ಅದರ ಪಕ್ಕದಲ್ಲಿ ಹಾದು ಕಾಲೇಜಿಗೆ ಬರುವ ನಮ್ಮಲ್ಲನೇಕರಿಗೆ ಅವರು ನೊಬೆಲ್ ಪಾರಿತೋಷಕ ಪಡೆದ ಕವಿಗಳೆಂಬುದಷ್ಟೇ ಗೊತ್ತು. ಪರೀಕ್ಷೆಗೆ ಕುಳಿತು ಒಂದು ಪದವಿಯನ್ನೂ ಪಡೆಯದೆ, ಹೆಚ್ಚಿನದನ್ನೆಲ್ಲ ಮನೆಯಲ್ಲಿಯೇ ಕಲಿತವರೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ತನಕ ಬಂದವನು ನಾನೇ ಮೊದಲಿಗ. ಅಂಕೋಲೆಯ ಮನೆಯಲ್ಲಿ ಪುಸ್ತಕ ಬಿಚ್ಚಿ ಕುಳಿತಾಗ ಸಂಶಯ ಕೇಳಲು ಯಾರೂ ಇಲ್ಲ. ಆದುದರಿಂದ ಅವರ ಜೀವನದಲ್ಲಿ ನಾನು ಮೊದಲು ಹುಡುಕಿದ್ದು ಕವಿತೆಯನ್ನಲ್ಲ. ಮನೆಯಲ್ಲಿ ಅವರು ಹೇಗೆ ಓದಿದರೆಂಬುದನ್ನು.

ರವೀಂದ್ರರು 1861ರ ಮೇ 7ರಂದು ಕಲಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಜನಿಸಿದರು. ನಾಲ್ಕಾರು ಶಾಲೆಗಳಿಗೆ ಸೇರಿಸಿದರೂ ಒಂದರಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಮನೆಯ ಪಾಠವಾದರೋ ಶಾಲೆಗಿಂತ ಕಠಿಣ. ನಸುಕಿನಲ್ಲೆದ್ದು ಕುಸ್ತಿ, ಅದು ಮುಗಿಯುತ್ತಲೇ ಎಲುಬುಗಳ ಪಾಠ, ಬಳಿಕ ಗಣಿತ, ಇತಿಹಾಸ, ಭೂಗೋಲ, ಸಂಸ್ಕೃತ, ಸಂಜೆ ಅಂಗಸಾಧನೆ, ಚಿತ್ರಕಲೆ, ರಾತ್ರಿ ದೀಪದ ಮುಂದೆ ಇಂಗ್ಲಿಷ್. ಈ ಕೊನೆಯ ಪಾಠಕ್ಕೆ ಹುಡುಗನ ಕಣ್ಣು ಮುಚ್ಚಿಹೋಗುತ್ತಿತ್ತು. (ಪರೀಕ್ಷೆಯ ದಿನಗಳ ರಾತ್ರಿ ಓದನ್ನು ಬಲ್ಲ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಮೇಲ್ವಿಚಾರಣೆ ನೋಡುತ್ತಿದ್ದ ಅಣ್ಣ ಹೇಮೇಂದ್ರನಾಥರಿಗೆ ಒಂದು ಹಟವಿತ್ತು. ಇಂಗ್ಲಿಷ್ ತಡವಾದರೂ ಚಿಂತೆಯಿಲ್ಲ, ವಿಷಯವನ್ನು ಮೊದಲು ಬಂಗಾಳಿಯಲ್ಲಿ ತಿಳಿಯಬೇಕು. ಇದಕ್ಕಾಗಿ ರವೀಂದ್ರರು ತಮ್ಮ ನೆನಪುಗಳಲ್ಲಿ ಅಣ್ಣನಿಗೆ ನಮಿಸಿದ್ದಾರೆ.

1873ರಲ್ಲಿ ತಂದೆ ದೇವೇಂದ್ರನಾಥರು ಮಗನನ್ನು ಹಿಮಾಲಯದ ಡಾಲ್‌ಹೌಸಿಗೆ ಕರೆದೊಯ್ದರು. ಚಿಲ್ಲರೆ ಹಣದ ಲೆಕ್ಕ ಬರೆಯುವ ಕೆಲಸವೂ ಕೈಗಡಿಯಾರವಲ್ಲದ ದೊಡ್ಡ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವೂ ಹುಡುಗನದು. ಕೀಲಿ ಕೊಟ್ಟದ್ದು ಎಷ್ಟು ಉತ್ಸಾಹದಿಂದೆಂದರೆ ಗಡಿಯಾರ ದುರಸ್ತಿಗೆ ಕಲಕತ್ತೆಗೆ ಹೋಯಿತು, ತಂದೆ ಗದರಲಿಲ್ಲ. ಬೆಟ್ಟದ ಮೇಲೆ ಕತ್ತಲಿರುವಾಗಲೇ ಎಬ್ಬಿಸಿ ಸಂಸ್ಕೃತ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವರು. ಮಧ್ಯಾಹ್ನದ ಪಾಠದಲ್ಲಿ ಮಗ ತೂಕಡಿಸಿದರೆ ಬಿಟ್ಟುಬಿಡುವರು. ಬಿಟ್ಟ ಕೂಡಲೇ ನಿದ್ದೆ ಹಾರಿ ಹುಡುಗ ಗುಡ್ಡಕ್ಕೆ ಓಡುವನು. ತಂದೆ ವಿವರಿಸಿದ ಖಗೋಲ ವಿಷಯವನ್ನು ಅವನು ಬಂಗಾಳಿಯಲ್ಲಿ ಬರೆದಿಡುತ್ತಿದ್ದ.

ಮುಂದೆ ಜ್ಞಾನಚಂದ್ರ ಭಟ್ಟಾಚಾರ್ಯರೆಂಬ ಗುರುಗಳು ಮ್ಯಾಕ್‌ಬೆತ್ ನಾಟಕವನ್ನು ಸ್ವಲ್ಪಸ್ವಲ್ಪವಾಗಿ ತಿಳಿಸಿ, ಅಂದಿನ ಭಾಗವನ್ನು ಬಂಗಾಳಿ ಪದ್ಯಕ್ಕೆ ತರುವ ತನಕ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಹೀಗೆ ನಾಟಕವೆಲ್ಲ ಅನುವಾದವಾಯಿತು.

ಶ್ರೀಮಂತರ ಮನೆ, ಪಾಠಕ್ಕೊಬ್ಬ ಗುರು. ನಮಗೆ ಇದೆಲ್ಲಿಂದ ಬರಬೇಕೆಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ 1878ರಲ್ಲಿ ಅಹಮದಾಬಾದಿನಲ್ಲಿ ಅವರಿಗೆ ಗುರುಗಳಿರಲಿಲ್ಲ. ಐ.ಸಿ.ಎಸ್. ಆದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಅವರು ಕೋರ್ಟಿಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ 17 ವರ್ಷದ ತಮ್ಮ ಒಬ್ಬನೇ. ಕಪಾಟಿನ ಇಂಗ್ಲಿಷ್ ಪುಸ್ತಕಗಳು ಅರ್ಧ ತಿಳಿಯುವವು, ಅರ್ಧ ತಿಳಿಯವು. ಆದರೂ ಓದಿದ್ದನ್ನು ತನ್ನ ಭಾಷೆಯಲ್ಲಿ ಬರೆಯುತ್ತ ಹೋದ. ಡಾಂಟೆ, ಪೆಟ್ರಾರ್ಕ್, ಗಯಟೆ ಇವರನ್ನು ಕುರಿತ ಅವನ ಲೇಖನಗಳು ಅದೇ ವರ್ಷ ‘ಭಾರತಿ’ ಪತ್ರಿಕೆಯಲ್ಲಿ ಬಂದವು. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಈ ಭಾಗ. ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ನೋಟುಬುಕ್ಕು. ನಮ್ಮ ಗ್ರಂಥಾಲಯದಿಂದ ತಂದ ಇಂಗ್ಲಿಷ್ ಅರ್ಥಶಾಸ್ತ್ರವನ್ನು ನಾನೀಗ ದಿನಕ್ಕೆರಡು ಪುಟದಂತೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಅನಂತರ ಲಂಡನ್ನಿನ ಯೂನಿವರ್ಸಿಟಿ ಕಾಲೇಜು; 1880ರಲ್ಲಿ ಪದವಿಯಿಲ್ಲದೆ ಮರಳಿದರು. ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಇಲ್ಲಿಗೆ ಬಂದು ತಂಗಿದರು. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಹೋಗಿಬಂದು, ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಆ ರಾತ್ರಿ ಮಲಗದೆ ಕವಿತೆ ಬರೆದರು. ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ಹೆಸರಿನ ಅವರ ನಾಟಕ ಹುಟ್ಟಿದ್ದೂ ಈ ಊರಿನಲ್ಲಿಯೇ. ಇಲ್ಲಿಂದ ಹೋದ ಮೇಲೆ, 1883ರ ಡಿಸೆಂಬರದಲ್ಲಿ, ಅವರ ವಿವಾಹವಾಯಿತು.

ಶಾಲೆಯಲ್ಲಿ ನಿಲ್ಲದ ಆ ಹುಡುಗ 40ನೆಯ ವಯಸ್ಸಿನಲ್ಲಿ, 1901ರಲ್ಲಿ, ಶಾಂತಿನಿಕೇತನದಲ್ಲಿ ತಾನೇ ಶಾಲೆ ತೆರೆದರು. ವಿದ್ಯಾರ್ಥಿಗಳು ಐವರು, ಅವರಲ್ಲೊಬ್ಬ ಅವರ ಮಗ ರಥೀಂದ್ರ. ಪಾಠ ಮರದ ನೆರಳಿನಲ್ಲಿ, ಬಂಗಾಳಿಯಲ್ಲಿ. 1941ರ ಆಗಸ್ಟ 7ರಂದು ತೀರಿಕೊಂಡದ್ದು, ತಾವು ಹುಟ್ಟಿ ಓದಿ ಬೆಳೆದ ಜೋಡಾಸಾಂಕೋ ಮನೆಯಲ್ಲಿ.